ಲಾರಿ ಹತ್ತಿ ಬರುವ ಸೊಳ್ಳೆ

ಹುಬ್ಬಳ್ಳಿಯಿಂದ ಗದಗಕ್ಕೋ ಹಾವೇರಿಗೋ ಹೊರಟರೆ ರಸ್ತೆಯ ಬದಿಯಲ್ಲಿ ಹಳೆಯ ಟೈರುಗಳ ರಾಶಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಪಂಕ್ಚರ್ ಅಂಗಡಿಯವರು ಒಂದರ ಮೇಲೊಂದು ಪೇರಿಸಿದವು, ರೀಸೋಲಿಗೆ ಕಾದಿರುವವು, ಗುಜರಿಗೆ ಹೋಗಲಿರುವವು. ಕೈಯಿಂದ ಕೈಗೆ, ಊರಿಂದ ಊರಿಗೆ ಸಾಗುವ ಈ ಟೈರುಗಳು ನಡುವೆ ಎಷ್ಟು ಮಳೆ ಉಂಡಿವೆ ಎಂದು ಲೆಕ್ಕ ಇಟ್ಟವರಿಲ್ಲ.

ಡೆಂಗಿ ಮತ್ತು ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹಾರಾಟದಲ್ಲಿ ಬಲು ಸೋಮಾರಿ. ಹುಟ್ಟಿದ ಜಾಗದಿಂದ 400 ಮೀಟರ್ ದಾಟುವುದೇ ಅಪರೂಪ. ಆದರೂ ಅದು ಖಂಡಗಳನ್ನು ದಾಟಿದೆ. ಹೆಣ್ಣು ಸೊಳ್ಳೆ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಅಂಚಿಗಿಂತ ತುಸು ಮೇಲೆ, ತೇವವಾದ ಒರಟು ಗೋಡೆಯಲ್ಲಿ. ಗಸಗಸೆಗಿಂತ ಸಣ್ಣದಾದ ಆ ಕಪ್ಪು ಮೊಟ್ಟೆಗಳು ನೀರು ಬತ್ತಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಟೈರಿನ ಒಳಮೈ ಕಪ್ಪು, ಮೊಟ್ಟೆಯೂ ಕಪ್ಪು. ಹೇಗೆ ಹೊರಳಿಸಿದರೂ ಒಂದು ಸವುಟಿನಷ್ಟು ನೀರು ಒಳಗೆ ಉಳಿದೇ ಉಳಿಯುತ್ತದೆ. ಇಷ್ಟು ಅನುಕೂಲದ ಬಾಣಂತಿಕೋಣೆಯನ್ನು ಯಾವ ಕಾಡೂ ಅದಕ್ಕೆ ಕೊಟ್ಟಿರಲಿಲ್ಲ.

1985ರಲ್ಲಿ ಅಮೆರಿಕದ ಹ್ಯೂಸ್ಟನ್ ಬಳಿ, ಈಡಿಸ್‌ನದೇ ಒಂದು ಜಾತಿಯಾದ, ಅಲ್ಲಿನದಲ್ಲದ ಏಷ್ಯಾದ ಹುಲಿಸೊಳ್ಳೆ ನೆಲೆಯೂರಿದ್ದು ಪತ್ತೆಯಾಯಿತು. ಅದರ ಮೊಟ್ಟೆಗಳಿಗೆ ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯುವ ಗುಣವಿತ್ತು. ಉಷ್ಣವಲಯದ ಸೊಳ್ಳೆಗೆ ಅದು ಇರುವುದಿಲ್ಲ. ಹಾಗಾಗಿ ಜಪಾನಿನಂಥ ಚಳಿ ಸೀಮೆಯಿಂದ ಬಂದ ಹಳೆಯ ಟೈರುಗಳ ಮೇಲೆ ಅನುಮಾನದ ಬೆರಳು ನೆಟ್ಟಿತು. 1988ರಿಂದ ಏಷ್ಯಾದ ಹಳೆಯ ಟೈರುಗಳು ಒಣಗಿ, ಶುಚಿಯಾಗಿ, ಕೀಟವಿಲ್ಲದೆ ಬರಬೇಕು ಎಂದು ಅಮೆರಿಕ ನಿಯಮ ಮಾಡಿತು. ಅಷ್ಟರಲ್ಲಿ ಸೊಳ್ಳೆ ಅಲ್ಲಿಯೇ ಸಂಸಾರ ಹೂಡಿಯಾಗಿತ್ತು. 1990ರ ಹೊತ್ತಿಗೆ ಅದೇ ಜಾತಿ ಇಟಲಿಯಲ್ಲಿ ಕಂಡಿತು. ಅಲ್ಲಿಗೆ ಅಮೆರಿಕದಿಂದಲೇ ಟೈರು ಹೋಗಿದ್ದವು.

ಆದರೆ ಸೊಳ್ಳೆ ಬಂದ ಮಾತ್ರಕ್ಕೆ ಜ್ವರ ಬರುವುದಿಲ್ಲ. 2007ರ ಬೇಸಿಗೆಯಲ್ಲಿ ಇಟಲಿಯ ರವೆನ್ನಾ ಸುತ್ತಲಿನ ಹಳ್ಳಿಗಳಲ್ಲಿ 200ಕ್ಕೂ ಹೆಚ್ಚು ಜನ ಚಿಕುನ್‌ಗುನ್ಯದಿಂದ ಹಾಸಿಗೆ ಹಿಡಿದರು. ವೈರಸ್ ತಂದದ್ದು ಕೇರಳದಿಂದ ಬಂದಿದ್ದ ಒಬ್ಬ ಪ್ರಯಾಣಿಕ. ಸೊಳ್ಳೆ ಸರಕಿನಲ್ಲಿ ಬಂದಿತ್ತು, ವೈರಸ್ ಮನುಷ್ಯನ ರಕ್ತದಲ್ಲಿ. ಎರಡರ ನಡುವೆ ಹದಿನೇಳು ವರ್ಷ.

ನಮ್ಮಲ್ಲಿ ಈಡಿಸ್ ಹೊಸತಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ದಿನಗಳಿಗೊಮ್ಮೆ ನಳದ ನೀರು ಬರುವ ಓಣಿಗಳಲ್ಲಿ ಬ್ಯಾರಲ್ ಇಲ್ಲದ ಮನೆ ಹುಡುಕುವುದು ಕಷ್ಟ. ಹೊಸದು ದುಬಾರಿ, ಬಳಸಿ ಬಿಟ್ಟ ನೀಲಿ ಬ್ಯಾರಲ್ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಇನ್ನಾರದೋ ಅಂಗಳದಲ್ಲಿ ಮಳೆಗೆ ಬಾಯಿ ತೆರೆದು ನಿಂತಿದ್ದರೆ, ಮೊಟ್ಟೆ ಸಮೇತ ಹೊಸ ಮನೆಗೆ ಬಂದು ನೀರು ತುಂಬಿಸಿಕೊಳ್ಳುತ್ತದೆ. ಟೈರಿನ ಮೇಲೆ ಇಷ್ಟು ಕಣ್ಣಿಡುವ ನಾವು ಬ್ಯಾರಲ್ಲನ್ನು ಮರೆಯುತ್ತೇವೆ ಎಂಬುದು ನನ್ನ ತಕರಾರು. ಜ್ವರ ಬಂದ ಮೇಲೆ ಓಣಿಗೆ ಹೊಗೆ ಬಿಡುತ್ತಾರೆ. ಅದು ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಗೋಡೆಗೆ ಅಂಟಿದ ಮೊಟ್ಟೆಯನ್ನಲ್ಲ.

ನೀರು ಚೆಲ್ಲಿ ಜಾಲಿಸಿದರೂ ಮೊಟ್ಟೆ ಬಿಡುವುದಿಲ್ಲ. ಗುಜರಿಯಿಂದ ತಂದ ಬ್ಯಾರಲ್ಲಿನ ಒಳಗೋಡೆಯನ್ನು, ಮುಖ್ಯವಾಗಿ ಮೇಲಿನ ಅರ್ಧವನ್ನು, ಬ್ರಷ್ ಹಾಕಿ ಗಸಗಸ ತಿಕ್ಕಬೇಕು. ವಾರಕ್ಕೊಮ್ಮೆ ಮತ್ತೆ ತಿಕ್ಕಬೇಕು. ಟೈರನ್ನು ತಗಡಿನ ಕೆಳಗೆ ಇಡಿ. ತಾಡಪತ್ರಿ ಹೊದಿಸಿದರೆ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಅದರ ಗುಳಿಯಲ್ಲೇ ನೀರು ನಿಲ್ಲುತ್ತದೆ.