ನಡುವಿನ ಸ್ಥಾನದ ಲೆಕ್ಕ: ಬೈನರಿ ಸರ್ಚ್ ಸರಿಹೋಗಲು ಹಿಡಿದ ಕಾಲ

2006ರ ಜೂನ್ 2ರಂದು ಜೋಶುವಾ ಬ್ಲಾಕ್ ಎಂಬ ಎಂಜಿನಿಯರ್ ಪ್ರಕಟಿಸಿದ ಪುಟ್ಟ ಟಿಪ್ಪಣಿಯೊಂದು ಪ್ರೋಗ್ರಾಮರ್‌ಗಳ ವಲಯವನ್ನು ಮುಜುಗರಕ್ಕೀಡುಮಾಡಿತು. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ವಿಧಾನವಾದ ಬೈನರಿ ಸರ್ಚ್‌ಗೆ ಬಳಕೆಯಲ್ಲಿರುವ ಕೋಡ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ದೋಷಪೂರಿತ ಎಂಬುದೇ ಅದರ ತಿರುಳು. ಬ್ಲಾಕ್ ಆಗ ಗೂಗಲ್‌ನಲ್ಲಿದ್ದರು. ಅದಕ್ಕೂ ಮುಂಚೆ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಗೆ, ಅಂದರೆ ಸಿದ್ಧ ಕೋಡ್‌ಗಳ ಸಂಗ್ರಹಕ್ಕೆ, ಬೈನರಿ ಸರ್ಚ್ ಬರೆದವರು ಅವರೇ. ಆ ಕೋಡ್ ಸುಮಾರು ಒಂಬತ್ತು ವರ್ಷ ಓಡಿದ ಮೇಲೆ ಯಾರದೋ ಪ್ರೋಗ್ರಾಂ ಕೆಟ್ಟು ನಿಂತಾಗ ಬಗ್ ಬೆಳಕಿಗೆ ಬಂದಿತ್ತು. ಕಂಪ್ಯೂಟರ್ ಸೈನ್ಸ್ ಓದುವವರು ಮೊದಮೊದಲೇ ಕಲಿಯುವ, ಹತ್ತು ಹನ್ನೆರಡು ಸಾಲಿನ ಕೋಡ್ ಅಷ್ಟು ಕಾಲ ತಪ್ಪಾಗಿಯೇ ಉಳಿದದ್ದು ಹೇಗೆ ಎಂದು ತಿಳಿಯಬೇಕಾದರೆ 1946ರಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಉಪಾಯವೇನೋ ಸರಳವಾದದ್ದು. ಏರಿಕೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಒಂದು ಮೌಲ್ಯವನ್ನು ಹುಡುಕುವಾಗ ಮೊದಲಿನಿಂದ ಒಂದೊಂದನ್ನೇ ನೋಡುತ್ತ ಹೋಗದೆ ನಟ್ಟನಡುವಿನದನ್ನು ನೋಡುವುದು; ಬೇಕಾದದ್ದು ಅದಕ್ಕಿಂತ ಚಿಕ್ಕದಿದ್ದರೆ ಬಲಗಡೆಯ ಅರ್ಧವನ್ನೂ ದೊಡ್ಡದಿದ್ದರೆ ಎಡಗಡೆಯ ಅರ್ಧವನ್ನೂ ಕೈಬಿಟ್ಟು, ಉಳಿದ ಭಾಗದಲ್ಲಿ ಮತ್ತೆ ಇದನ್ನೇ ಮಾಡುವುದು. ಹೀಗೆ ಮಾಡಿದರೆ 10 ಲಕ್ಷ ಹೆಸರುಗಳ ಪಟ್ಟಿಯಲ್ಲಿ ಹೆಚ್ಚೆಂದರೆ 20 ಹೋಲಿಕೆ, 100 ಕೋಟಿ ಹೆಸರುಗಳ ಪಟ್ಟಿಯಲ್ಲಿ ಹೆಚ್ಚೆಂದರೆ 30 ಹೋಲಿಕೆ ಸಾಕಾಗುತ್ತದೆ. ಪಟ್ಟಿ ಸಾವಿರ ಪಟ್ಟು ಬೆಳೆದರೂ ಕೆಲಸ ಹೆಚ್ಚುವುದು ಹತ್ತೇ ಹೋಲಿಕೆಯಷ್ಟು.

ಹುಡುಕಲು ಅನುಕೂಲವಾಗಲೆಂದು ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ರೂಢಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಕ್ರಿ.ಪೂ. 200ರ ಸುಮಾರಿನ ಬ್ಯಾಬಿಲೋನಿಯಾದ ಮಣ್ಣಿನ ಫಲಕವೊಂದರಲ್ಲಿ ಸಂಖ್ಯೆಗಳನ್ನೂ ಅವುಗಳ ವ್ಯುತ್ಕ್ರಮಗಳನ್ನೂ ಹೀಗೆ ಅನುಕ್ರಮವಾಗಿ ಬರೆದಿಡಲಾಗಿದೆ. ಆದರೆ ಅರ್ಧರ್ಧ ಮಾಡುತ್ತ ಹುಡುಕುವುದನ್ನು ಯಂತ್ರದ ವಿಧಾನವಾಗಿ ಮೊದಲು ಪ್ರಸ್ತಾಪಿಸಿದ ಕೀರ್ತಿ ಆರಂಭದ ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗಳಲ್ಲೊಂದಾದ ಎನಿಯಾಕ್‌ನ ನಿರ್ಮಾತೃಗಳಲ್ಲಿ ಒಬ್ಬರಾದ ಜಾನ್ ಮಾಕ್ಲಿ ಅವರಿಗೆ ಸಲ್ಲುತ್ತದೆ. ಫಿಲಡೆಲ್ಫಿಯಾದ ಮೂರ್ ಸ್ಕೂಲ್‌ನಲ್ಲಿ 1946ರ ಬೇಸಗೆಯಲ್ಲಿ ನಡೆದ ಉಪನ್ಯಾಸ ಮಾಲೆಯಲ್ಲಿ ಅವರು ವಿಂಗಡಣೆಯ ಕುರಿತು ಮಾತನಾಡುತ್ತ ಇದನ್ನು ವಿವರಿಸಿದರು.

ಅಲ್ಲಿಂದ ಮುಂದಿನ ಹದಿನಾಲ್ಕು ವರ್ಷ ಪ್ರಕಟವಾದ ವಿಧಾನಗಳಿಗೆಲ್ಲ ಒಂದು ಮಿತಿಯಿತ್ತು: ಪಟ್ಟಿಯ ಉದ್ದ 1, 3, 7, 15, 31, ಹೀಗೆ ಎರಡರ ಘಾತಕ್ಕಿಂತ ಒಂದು ಕಡಿಮೆಯಾಗಿದ್ದರೆ ಮಾತ್ರ ಅವು ಕೆಲಸ ಮಾಡುತ್ತಿದ್ದವು. ಕಾರಣ ಸ್ಪಷ್ಟವಾಗಿದೆ. 15 ಅಂಶಗಳ ಪಟ್ಟಿಯಲ್ಲಿ ನಡುವಿನದೊಂದನ್ನು ತೆಗೆದರೆ ಎರಡೂ ಬದಿಗೆ ಏಳೇಳು ಉಳಿಯುತ್ತವೆ, ಏಳರಲ್ಲಿ ನಡುವಿನದನ್ನು ತೆಗೆದರೆ ಮೂರುಮೂರು, ಮೂರರಲ್ಲಿ ಒಂದೊಂದು. ಎಲ್ಲಿಯೂ ಶೇಷದ ತಕರಾರಿಲ್ಲ. ಹತ್ತು ಅಂಶಗಳಿದ್ದರೆ ನಡು ಯಾವುದು, ಯಾವ ಬದಿಗೆ ಒಂದು ಹೆಚ್ಚು ಹೋಗಬೇಕು, ಕೊನೆಗೆ ಎರಡೇ ಉಳಿದಾಗ ಏನು ಮಾಡಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಯಾವುದೇ ಉದ್ದದ ಪಟ್ಟಿಗೂ ಹೊಂದುವ ವಿಧಾನವನ್ನು ಗಣಿತಜ್ಞ ಡಿ. ಎಚ್. ಲೆಹ್ಮರ್ ಪ್ರಕಟಿಸಿದ್ದು 1960ರಲ್ಲಿ. ಎರಡು ವರ್ಷದ ಬಳಿಕ ಹೆರ್ಮನ್ ಬಾಟನ್‌ಬ್ರುಖ್ ಆಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ತೋರಿಸಿದ ರೂಪದಲ್ಲಿ, ನೋಡಿದ ಅಂಶ ಹುಡುಕುವ ಮೌಲ್ಯಕ್ಕೆ ಸಮವೇ ಎಂಬ ಪರೀಕ್ಷೆಯನ್ನು ಪ್ರತಿ ಸುತ್ತಿನಲ್ಲೂ ಮಾಡದೆ ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಲಾಗಿತ್ತು. ಆಗ ಸಣ್ಣ ಸುಧಾರಣೆಯಂತೆ ಕಂಡಿರಬಹುದಾದ ಈ ಬದಲಾವಣೆಯ ಬೆಲೆ ಮುಂದೆ ತಿಳಿದುಬರಲಿತ್ತು.

1973ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಪ್ರೋಗ್ರಾಮಿಂಗ್ ಕುರಿತ ತಮ್ಮ ಗ್ರಂಥಮಾಲೆಯ ಮೂರನೆಯ ಸಂಪುಟದಲ್ಲಿ ಈ ಇತಿಹಾಸವನ್ನು ದಾಖಲಿಸುವ ಹೊತ್ತಿಗೆ, ಮೂಲ ಉಪಾಯ ಸುಲಭವಾದರೂ ವಿವರಗಳು ಕೈಕೊಡುತ್ತವೆ ಎಂಬುದು ಅನುಭವಸ್ಥರಿಗೆಲ್ಲ ಗೊತ್ತಾಗಿತ್ತು. ಎಷ್ಟರಮಟ್ಟಿಗೆ ಕೈಕೊಡುತ್ತವೆ ಎಂಬುದಕ್ಕೆ ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ ನಡೆಸಿದ ತರಗತಿಗಳೇ ಸಾಕ್ಷಿ. ಬೆಲ್ ಲ್ಯಾಬ್ಸ್, ಐಬಿಎಂಗಳಲ್ಲಿ ನುರಿತ ಪ್ರೋಗ್ರಾಮರ್‌ಗಳಿಗೆ ಅವರು ಒಂದೆರಡು ಗಂಟೆಯ ಅವಕಾಶ ಕೊಟ್ಟು ಬೈನರಿ ಸರ್ಚ್ ಬರೆಯಲು ಹೇಳುತ್ತಿದ್ದರು. ಬಳಿಕ ಪರೀಕ್ಷಿಸಿ ನೋಡಿದಾಗ ನೂರಕ್ಕೂ ಹೆಚ್ಚು ಮಂದಿಯಲ್ಲಿ ಶೇ. 90ರಷ್ಟು ಜನರ ಕೋಡ್‌ನಲ್ಲಿ ತಪ್ಪು ಸಿಕ್ಕಿತು. ಪುಸ್ತಕ ನೋಡಿ ಬರೆದಿದ್ದರೆ ಪಾರಾಗುತ್ತಿದ್ದರೇ ಎಂದರೆ ಅದೂ ಅನುಮಾನವೇ: 1988ರಲ್ಲಿ ರಿಚರ್ಡ್ ಪ್ಯಾಟಿಸ್ ಇಪ್ಪತ್ತು ಪಠ್ಯಪುಸ್ತಕಗಳನ್ನು ಪರಿಶೀಲಿಸಿದಾಗ ಸರಿಯಾದ ಕೋಡ್ ಇದ್ದದ್ದು ಐದರಲ್ಲಿ ಮಾತ್ರ.

ಈ ತಪ್ಪುಗಳಲ್ಲಿ ತೀರ ಪರಿಚಿತವಾದದ್ದು ಮುಗಿಯದ ಸುತ್ತು. ಇನ್ನೂ ಹುಡುಕಬೇಕಾದ ಭಾಗದ ಮೊದಲ ಸ್ಥಾನವನ್ನು ಎಡಗಡಿ, ಕೊನೆಯ ಸ್ಥಾನವನ್ನು ಬಲಗಡಿ ಎಂದು ಕರೆದರೆ, ಎಡಗಡಿ 4, ಬಲಗಡಿ 5 ಆಗಿ ಎರಡೇ ಸ್ಥಾನಗಳು ಉಳಿದಿವೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಕೂಡಿ ಅರ್ಧ ಮಾಡಿ ಭಿನ್ನಾಂಶವನ್ನು ಬಿಟ್ಟರೆ ನಡುಸ್ಥಾನ 4. ಬೇಕಾದ ಮೌಲ್ಯ ಅಲ್ಲಿರುವುದಕ್ಕಿಂತ ದೊಡ್ಡದಾಗಿದ್ದು, ಎಡಗಡಿಯನ್ನು ನಡುಸ್ಥಾನದ ಮುಂದಿನ ಮನೆಗೆ ತರುವ ಬದಲು ನಡುಸ್ಥಾನಕ್ಕೇ ತಂದರೆ ಎಡಗಡಿ ಮತ್ತೆ 4ರಲ್ಲೇ ಇರುತ್ತದೆ. ಮುಂದಿನ ಸುತ್ತಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಇಂಥ ಬಗ್ ಬೇಗ ಪತ್ತೆಯಾಗುತ್ತದೆ, ಏಕೆಂದರೆ ಪ್ರೋಗ್ರಾಂ ನಿಂತಲ್ಲೇ ಸುತ್ತುತ್ತದೆ.

ಬ್ಲಾಕ್ ಬರೆದದ್ದು ಇಂಥ ಎಡವಟ್ಟಿನ ಬಗ್ಗೆ ಅಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದಾಗ ಅವರು ಇದೇ ಬೆಂಟ್ಲಿಯವರ ಪಾಠ ಕೇಳಿದವರು, ಬೈನರಿ ಸರ್ಚ್ ಬರೆಯುವ ಪರೀಕ್ಷೆಯನ್ನು ಅಲ್ಲಿಯೇ ಕಂಡವರು. ಬೆಂಟ್ಲಿ ತಮ್ಮ ಪುಸ್ತಕದಲ್ಲಿ ಕೋಡನ್ನು ಬರೆದಷ್ಟಕ್ಕೆ ಬಿಡದೆ ಅದು ಸರಿಯೆಂದು ತರ್ಕಬದ್ಧವಾಗಿ ಸಾಧಿಸಿಯೂ ತೋರಿಸಿದ್ದರು. ಅಷ್ಟಾಗಿಯೂ ತಪ್ಪು ಉಳಿದದ್ದು ಯಾರೂ ಅನುಮಾನಿಸದ ಸಾಲಿನಲ್ಲಿ: ಎಡಗಡಿ ಮತ್ತು ಬಲಗಡಿಗಳನ್ನು ಕೂಡಿ ಎರಡರಿಂದ ಭಾಗಿಸುವ ಸಾಲಿನಲ್ಲಿ.

ಗಣಿತದಲ್ಲಿ ಎರಡು ಪೂರ್ಣಾಂಕಗಳನ್ನು ಕೂಡಿದರೆ ಇನ್ನೊಂದು ಪೂರ್ಣಾಂಕ ಬರುತ್ತದೆ, ಅದಕ್ಕೆ ಗಾತ್ರದ ಮಿತಿಯಿಲ್ಲ. ಜಾವಾದ 32 ಬಿಟ್ ಪೂರ್ಣಾಂಕಕ್ಕೆ ಮಿತಿಯಿದೆ. 214,74,83,647ರ ಆಚೆಗೆ ಅದು ಹೋಗಲಾರದು. ಎಡಗಡಿ 150 ಕೋಟಿ, ಬಲಗಡಿ 200 ಕೋಟಿ ಎಂದುಕೊಂಡರೆ ಎರಡೂ ಆ ಮಿತಿಯೊಳಗೇ ಇವೆ, ನಡುಸ್ಥಾನವಾಗಬೇಕಾದ 175 ಕೋಟಿಯೂ ಮಿತಿಯೊಳಗೇ ಇದೆ. ಆದರೆ ಮಧ್ಯಂತರದಲ್ಲಿ ಬರುವ ಮೊತ್ತ 350 ಕೋಟಿ. ಅದು ಹಿಡಿಸದೆ ಓವರ್‌ಫ್ಲೋ ಆಗಿ −79,49,67,296 ಎಂದಾಗುತ್ತದೆ, ಅದರ ಅರ್ಧ −39,74,83,648. ಋಣ ಸಂಖ್ಯೆಯ ಸ್ಥಾನ ಯಾವ ಅರೇಯಲ್ಲೂ (ಮೆಮೊರಿಯಲ್ಲಿ ಸಾಲಾಗಿ ಇಟ್ಟ ಪಟ್ಟಿಯಲ್ಲೂ) ಇಲ್ಲವಾದ್ದರಿಂದ ಜಾವಾ ಪ್ರೋಗ್ರಾಂ ಅಲ್ಲಿಗೇ ದೋಷ ವರದಿ ಮಾಡಿ ನಿಲ್ಲುತ್ತದೆ. ಸಿ ಭಾಷೆಯಲ್ಲಾದರೆ ಏನಾಗುತ್ತದೆ ಎಂಬ ಖಾತರಿಯೇ ಇಲ್ಲ.

ಈ ತೊಂದರೆ ಬರಬೇಕಾದರೆ ಪಟ್ಟಿಯಲ್ಲಿ ಸುಮಾರು 107 ಕೋಟಿಗಿಂತ ಹೆಚ್ಚು ಅಂಶಗಳಿರಬೇಕು. ಒಂದೊಂದಕ್ಕೆ ನಾಲ್ಕು ಬೈಟ್ ಎಂದು ಹಿಡಿದರೂ 4 ಗಿಗಾಬೈಟ್ ಮೆಮೊರಿ ಬೇಕು. ಬೆಂಟ್ಲಿ ಬರೆಯುತ್ತಿದ್ದ 1980ರ ದಶಕದಲ್ಲಿ ಅಂಥ ಅರೇಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟವಿತ್ತು. ಹಾಗಾಗಿ ಕೋಡ್ ಸರಿಯೆಂದು ಬೆಂಟ್ಲಿ ಸಾಧಿಸಿದ ತರ್ಕ ತಪ್ಪಾಗಿತ್ತು ಎನ್ನುವುದಕ್ಕಿಂತ, ಅದು ಗಣಿತದ ಪೂರ್ಣಾಂಕಗಳ ಕುರಿತಾಗಿತ್ತೇ ಹೊರತು ಯಂತ್ರದ ಪೂರ್ಣಾಂಕಗಳ ಕುರಿತಾಗಿರಲಿಲ್ಲ ಎನ್ನುವುದೇ ನ್ಯಾಯವೆಂದು ನನಗೆ ತೋರುತ್ತದೆ. 1960ಕ್ಕೆ ಮುಂಚೆ ಉದ್ದದ ಬಗ್ಗೆ ಇದ್ದ ಮಿತಿ ಎಲ್ಲರಿಗೂ ಗೊತ್ತಿತ್ತು. ಈ ಎರಡನೆಯ ಮಿತಿ ಹೆಚ್ಚಿನವರ ಗಮನಕ್ಕೆ ಬಂದಿರಲಿಲ್ಲ.

ಪರಿಹಾರ ಒಂದೇ ಸಾಲಿನದು. ಬಲಗಡಿಯಿಂದ ಎಡಗಡಿಯನ್ನು ಕಳೆದು, ಬಂದ ವ್ಯತ್ಯಾಸದ ಅರ್ಧವನ್ನು ಎಡಗಡಿಗೆ ಕೂಡಿಸಿದರೆ ಮೊತ್ತ ಎಂದೂ ಮಿತಿ ಮೀರುವುದಿಲ್ಲ. ಜಾವಾದಲ್ಲಿ ಮೊತ್ತದ ಬಿಟ್‌ಗಳನ್ನು ಚಿಹ್ನೆಯ ಗೊಡವೆಯಿಲ್ಲದೆ ಒಂದು ಮನೆ ಬಲಕ್ಕೆ ಸರಿಸಿ ಅರ್ಧ ಮಾಡುವ ಮಾರ್ಗವೂ ಇದೆ. ಗೋ ಭಾಷೆಯ ಲೈಬ್ರರಿಯಲ್ಲಿ ಇದೇ ಸಾಲಿನ ಪಕ್ಕ ಓವರ್‌ಫ್ಲೋ ತಪ್ಪಿಸಲೆಂದೇ ಹೀಗೆ ಬರೆದಿದೆ ಎಂಬ ಷರಾ ಉಂಟು. ಪೈಥಾನ್‌ನಲ್ಲಿ ಪೂರ್ಣಾಂಕಗಳು ಬೇಕಾದಷ್ಟು ಬೆಳೆಯುವುದರಿಂದ ಅಲ್ಲಿ ಈ ಸಮಸ್ಯೆಯೇ ಇಲ್ಲ. ಸಿ++ ಭಾಷೆಯ ಲೈಬ್ರರಿಯಲ್ಲಿ ಲೋವರ್ ಬೌಂಡ್ ಎಂಬ ಹೆಸರಿನ ಬೈನರಿ ಸರ್ಚ್ ಎರಡು ಗಡಿಗಳ ಬದಲು ಎಡಗಡಿಯನ್ನೂ ಉಳಿದ ಅಂಶಗಳ ಸಂಖ್ಯೆಯನ್ನೂ ಇಟ್ಟುಕೊಂಡು ನಡೆಯುವುದರಿಂದ ಗಡಿಗಳನ್ನು ಕೂಡುವ ಪ್ರಸಂಗವೇ ಬರುವುದಿಲ್ಲ.

ಸಮವೇ ಎಂಬ ಪರೀಕ್ಷೆಯನ್ನು ಕೊನೆಗೆ ಇಟ್ಟ ಬಾಟನ್‌ಬ್ರುಖ್ ಅವರ ಬದಲಾವಣೆಯ ಮಹತ್ವ ತಿಳಿಯುವುದು ಇಲ್ಲಿ. ಒಂದೇ ಮೌಲ್ಯ ಹಲವು ಬಾರಿ ಬರುವ ಪಟ್ಟಿಯಲ್ಲಿ, ಸಮವೆಂದು ಕಂಡ ಕೂಡಲೇ ನಿಲ್ಲುವ ಕೋಡ್ ಅವುಗಳಲ್ಲಿ ಯಾವುದನ್ನು ಕೊಡುತ್ತದೆಂದು ಹೇಳಲಾಗುವುದಿಲ್ಲ. ಸಿ ಭಾಷೆಯ ಲೈಬ್ರರಿಯಲ್ಲಿರುವ ಬಿಸರ್ಚ್ ಎಂಬ ಬೈನರಿ ಸರ್ಚ್ ಇಂದಿಗೂ ಆ ಭರವಸೆ ನೀಡುವುದಿಲ್ಲ. ಕೊನೆಯವರೆಗೂ ಗಡಿಗಳನ್ನು ಕುಗ್ಗಿಸುತ್ತಲೇ ಹೋಗುವ ಲೋವರ್ ಬೌಂಡ್ ಹುಡುಕಿದ ಮೌಲ್ಯದ ಮೊದಲನೆಯ ಸ್ಥಾನವನ್ನೇ ಕೊಡುತ್ತದೆ, ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಬೇಕಾದ ಜಾಗವನ್ನು ಕೊಡುತ್ತದೆ. ಜಾವಾ ಈ ಜಾಗವನ್ನು ಋಣ ಸಂಖ್ಯೆಯಾಗಿಸಿ ಅದರಿಂದ ಇನ್ನೂ ಒಂದನ್ನು ಕಳೆದು ಹಿಂದಿರುಗಿಸುತ್ತದೆ. ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ಆ ಒಂದನ್ನು ಕಳೆಯದಿದ್ದರೆ, ಪಟ್ಟಿಯ ಆರಂಭಕ್ಕೆ ಸೇರಬೇಕಾದ್ದಕ್ಕೂ ಆರಂಭದಲ್ಲೇ ಸಿಕ್ಕಿದ್ದಕ್ಕೂ ಸೊನ್ನೆಯೇ ಉತ್ತರವಾಗುತ್ತಿತ್ತು.

ಉಳಿದಿರುವ ಷರತ್ತು ಎಲ್ಲಕ್ಕಿಂತ ಹಳೆಯದು, ಪಟ್ಟಿ ಕ್ರಮದಲ್ಲಿರಬೇಕು ಎಂಬುದು. ಯಾವ ಕ್ರಮ ಎಂಬ ಪ್ರಶ್ನೆಯನ್ನು ಅಂಕಿಗಳಲ್ಲಿ ಕೇಳಬೇಕಾಗಿಲ್ಲ, ಅಕ್ಷರಗಳಲ್ಲಿ ಕೇಳಲೇಬೇಕು. ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ಬಳಿಕ ಬರುತ್ತದೆ, ಕಂಪ್ಯೂಟರ್‌ಗಳು ಅಕ್ಷರಗಳಿಗೆ ಬಳಸುವ ಯುನಿಕೋಡ್ ಸಂಕೇತಸಂಖ್ಯೆಯಲ್ಲಾದರೋ ಅದು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಇದೆ. ನಿಘಂಟಿನ ಕ್ರಮದಲ್ಲಿ ಜೋಡಿಸಿದ ಬಲ, ಬವಣೆ, ಬಸಳೆ, ಬಹಳ, ಬಳೆ ಎಂಬ ಐದು ಪದಗಳಲ್ಲಿ ‘ಬಳೆ’ಯನ್ನು ಸಂಕೇತಸಂಖ್ಯೆ ಹೋಲಿಸುವ ಕೋಡ್‌ನಿಂದ ಹುಡುಕಿ ನೋಡಿ. ನಡುವಿನ ‘ಬಸಳೆ’ಗಿಂತ ‘ಬಳೆ’ ಚಿಕ್ಕದೆಂದು ಅದು ಎಡಕ್ಕೆ ಹೊರಳುತ್ತದೆ. ‘ಬಲ’ಕ್ಕಿಂತ ದೊಡ್ಡದು, ‘ಬವಣೆ’ಗಿಂತ ಚಿಕ್ಕದು ಎಂದು ಗಡಿಗಳು ದಾಟಿಹೋಗಿ, ಪದವೇ ಇಲ್ಲವೆಂದು ಉತ್ತರ ಬರುತ್ತದೆ. ಪದ ಕೊನೆಯಲ್ಲೇ ಇದೆ. ಕೋಡ್‌ನ ಒಂದು ಸಾಲೂ ತಪ್ಪಿಲ್ಲ, ದೋಷದ ವರದಿಯೂ ಇಲ್ಲ. ಜೋಡಿಸಿದವರ ಕ್ರಮ ಬೇರೆ, ಹುಡುಕಿದವರ ಕ್ರಮ ಬೇರೆ ಅಷ್ಟೇ. ಮುಗಿಯದ ಸುತ್ತಿಗಿಂತಲೂ ಓವರ್‌ಫ್ಲೋಗಿಂತಲೂ ಇದು ಹೆಚ್ಚು ಅಪಾಯಕಾರಿ.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ತೊಡಕಲ್ಲ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಗ್ಲಿಬ್‌ಸಿ 2018ರ ಆಗಸ್ಟ್‌ನಲ್ಲಿ 2.28ನೆಯ ಆವೃತ್ತಿಗೆ ಬಂದಾಗ ಅಕ್ಷರಾನುಕ್ರಮದ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಅಮೆರಿಕನ್ ಇಂಗ್ಲಿಷ್ ಕ್ರಮದಲ್ಲಿ ಅದುವರೆಗೆ ‘11’ ಮೊದಲು, ‘1-1’ ಬಳಿಕ ಬರುತ್ತಿದ್ದರೆ ಅಲ್ಲಿಂದ ಮುಂದೆ ಅದು ತಿರುವುಮುರುವಾಯಿತು. ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ ಡೇಟಾಬೇಸ್‌ಗಳಲ್ಲಿ ಬೇಗ ಹುಡುಕಲೆಂದು ಕ್ರಮವಾಗಿ ಜೋಡಿಸಿಟ್ಟ ಇಂಡೆಕ್ಸ್‌ಗಳು ಹಳೆಯ ಕ್ರಮದಲ್ಲೇ ಡಿಸ್ಕಿನಲ್ಲಿದ್ದವು, ಅವುಗಳ ಪುಟಗಳೊಳಗೆ ನಡೆಯುವ ಬೈನರಿ ಸರ್ಚ್ ಹೊಸ ಕ್ರಮದಲ್ಲಿ ಹೋಲಿಸತೊಡಗಿತು. ಡೇಟಾಬೇಸಿನಲ್ಲಿ ಇರುವ ದಾಖಲೆಗಳು ಇಲ್ಲವೆಂದಾದವು, ಒಂದೇ ಇರಬೇಕಾದ ಮೌಲ್ಯ ಎರಡು ಬಾರಿ ಸೇರಿಕೊಳ್ಳಲು ದಾರಿಯಾಯಿತು. ಪಠ್ಯದ ಇಂಡೆಕ್ಸ್‌ಗಳನ್ನು ಮೊದಲಿನಿಂದ ಮತ್ತೆ ಕಟ್ಟುವುದೊಂದೇ ಉಪಾಯವಾಗಿತ್ತು. ಈಚಿನ ಪೋಸ್ಟ್‌ಗ್ರೆಸ್ ಆವೃತ್ತಿಗಳು ಅನುಕ್ರಮ ನಿಯಮದ ಆವೃತ್ತಿ ಸಂಖ್ಯೆಯನ್ನೂ ದಾಖಲಿಸಿಟ್ಟುಕೊಂಡು, ಅದು ಬದಲಾದದ್ದು ಕಂಡರೆ ಎಚ್ಚರಿಕೆ ನೀಡುತ್ತವೆ.