ಪಕ್ಕದ ತೋಟದ ಪಂಪು, ನಮ್ಮನೆಯ ಕಂಪ್ಯೂಟರ್

ಮಾರ್ಚ್ ತಿಂಗಳ ಒಂದು ಸಂಜೆ. ಮಗಳು ಶಾಲೆಯ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದಳು. ನಾಲ್ಕು ಪುಟ ಆಗಿತ್ತು, ಸೇವ್ ಮಾಡಿರಲಿಲ್ಲ. ಪರದೆ ಇದ್ದಲ್ಲೇ ನಿಂತುಬಿಟ್ಟಿತು. ಮೌಸ್ ಎಷ್ಟು ಅಲ್ಲಾಡಿಸಿದರೂ ಬಾಣ ಕದಲಲಿಲ್ಲ. "ಅಪ್ಪಾ, ಪುನಃ ಹ್ಯಾಂಗ್ ಆಯ್ತು" ಎಂದು ಕೂಗಿದಳು. ಹದಿನೈದು ದಿನಗಳಿಂದ ಇದೇ ಕಥೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿದೆ. ಕರೆಂಟಿನ ಲೈನು ನಮ್ಮ ಅಂಗಳಕ್ಕೆ ಬಂದು ಮುಗಿಯುತ್ತದೆ. ಕಂಪ್ಯೂಟರಿನ ಡಬ್ಬ ಹೊತ್ತುಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಎರಡು ದಿನ ಇಟ್ಟುಕೊಂಡು ಫಾರ್ಮ್ಯಾಟ್ ಮಾಡಿ ಕೊಟ್ಟರು. "ಇಲ್ಲಿ ಒಂದು ಸಲವೂ ನಿಲ್ಲಲಿಲ್ಲವಲ್ಲ" ಎಂದರು. ಡಾಕ್ಟರ ಎದುರು ಕೂತ ಕೂಡಲೇ ಕೆಮ್ಮು ಮಾಯವಾಗುತ್ತದಲ್ಲ, ಹಾಗೆ. ಮನೆಗೆ ತಂದ ಸಂಜೆಯೇ ಮತ್ತೆ ನಿಂತಿತು. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಸರಿಯಿಲ್ಲ. ಉತ್ತರದ ಅರ್ಧ ಭಾಗ ಅದರಲ್ಲೇ ಇತ್ತು. ನನಗೆ ಅದು ಹೊಳೆಯಲು ಇನ್ನೂ ಎರಡು ವಾರ ಬೇಕಾಯಿತು.

ಹ್ಯಾಂಗ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಅದರಲ್ಲಿ ಜಾತಿಗಳಿವೆ. ಪರದೆ ನಿಂತಾಗ ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಜೀವ ಇದೆ ಎಂದರ್ಥ. ಯಾವುದೋ ಒಂದು ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿರಬಹುದು, ಅಥವಾ ಹಾರ್ಡ್ ಡಿಸ್ಕಿನಿಂದ ಬರಬೇಕಾದ ಮಾಹಿತಿಗೆ ಇಡೀ ಯಂತ್ರ ಕಾಯುತ್ತಿರಬಹುದು. ದೀಪ ಏನು ಮಾಡಿದರೂ ಬದಲಾಗದಿದ್ದರೆ ಆಪರೇಟಿಂಗ್ ಸಿಸ್ಟಮ್ಮೇ ಸ್ತಬ್ಧವಾಗಿದೆ. ಆಗ ಸಂಶಯ ಹೋಗಬೇಕಾದದ್ದು ರ್‍ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ), ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಹಲಗೆ), ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬ), ಇವುಗಳ ಕಡೆಗೆ. ಕೆಲವೊಮ್ಮೆ ಕೆಟ್ಟ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಂ) ಕೂಡ ಹೀಗೆ ಮಾಡುತ್ತದೆ. ಆದರೆ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಮೇಲೂ ಅದೇ ಚಾಳಿ ಇದ್ದುದರಿಂದ ನಾನು ಅದನ್ನು ಬಿಟ್ಟೆ. ನಮ್ಮ ದೀಪವಂತೂ ಕದಲುತ್ತಿರಲಿಲ್ಲ.

ನಾನು ಮೊದಲು ಕೈ ಹಾಕಿದ್ದು ರ್‍ಯಾಮಿಗೆ. ಎಲ್ಲರೂ ಹಾಕುವುದು ಅಲ್ಲಿಗೇ, ಯಾಕೆಂದರೆ ಬಿಚ್ಚಲು ಸುಲಭ! ಪ್ಲಗ್ ತೆಗೆದು, ಎರಡೂ ಬದಿಯ ಕ್ಲಿಪ್ ಒತ್ತಿದರೆ ಪಟ್ಟಿ ಮೇಲೆ ಬರುತ್ತದೆ. ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳು ನಿಜವಾಗಿ ಬಂಗಾರದ ಲೇಪವೇ. ಬಂಗಾರಕ್ಕೆ ತುಕ್ಕು ಇಲ್ಲ, ಸರಿ. ಆದರೆ ಲೇಪ ತೀರಾ ತೆಳು, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕಡಲ ಕಡೆಯ ಉಪ್ಪುಗಾಳಿ, ಮಳೆಗಾಲದ ಆಟಿ ತಿಂಗಳ ತೇವ ಆ ರಂಧ್ರಗಳಲ್ಲಿ ಇಳಿದು ಕೆಳಗಿನ ನಿಕ್ಕಲ್, ತಾಮ್ರವನ್ನು ಹಿಡಿಯುತ್ತವೆ. ನಮ್ಮಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಸಲು ಬರುತ್ತದೆ, ಇನ್ನು ರ್‍ಯಾಮ್ ಯಾವ ಲೆಕ್ಕ? ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎಂದು ಸದ್ದು ಬರುವವರೆಗೆ ಒತ್ತಿ ಕೂರಿಸಿದೆ.

ಈ ಪಟ್ಟಿಯೊಳಗಿನ ವ್ಯವಹಾರ ನೆನೆದರೆ ಅದು ಕೆಡುವುದಕ್ಕಿಂತ ಕೆಡದಿರುವುದೇ ಆಶ್ಚರ್ಯ. 8 ಜಿಬಿ ಎಂದರೆ 6,800 ಕೋಟಿಗೂ ಜಾಸ್ತಿ ಪುಟ್ಟ ಕೋಶಗಳು. ಒಂದೊಂದೂ ತೂತು ಬಿದ್ದ ಕೊಡಪಾನದ ಹಾಗೆ. ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲ, ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ತುಂಬಿದ್ದರೆ ಒಂದು, ಖಾಲಿಯಾದರೆ ಸೊನ್ನೆ ಎಂದು ಲೆಕ್ಕ ಇಟ್ಟುಕೊಳ್ಳಿ. ಒಂದೇ ಒಂದು ಕೋಶದಲ್ಲಿ ಲೆಕ್ಕ ತಪ್ಪಿದರೂ ಅದು ಇರುವ ಜಾಗ ಆಯಕಟ್ಟಿನದಾದರೆ ಇಡೀ ಯಂತ್ರ ಮಲಗುತ್ತದೆ.

1978ರಲ್ಲಿ ಇಂಟೆಲ್‌ನ ತಿಮೊಥಿ ಮೇ ಮತ್ತು ಮುರ್ರೆ ವುಡ್ಸ್ ಇಂಥ ತಪ್ಪುಗಳ ಒಂದು ವಿಚಿತ್ರ ಮೂಲ ತೋರಿಸಿದರು. ಮೆಮೊರಿ ಚಿಪ್ಪನ್ನು ಮುಚ್ಚುವ ಕವಚದಲ್ಲೇ ವಿಕಿರಣ ಸೂಸುವ ಯುರೇನಿಯಂ, ಥೋರಿಯಂನ ಅಂಶ ಚೂರುಪಾರು ಇತ್ತು. ಅದರಿಂದ ಹೊರಟ ಆಲ್ಫಾ ಕಣ ಬಡಿದು ಕೋಶದ ಬೆಲೆ ಅದಲುಬದಲಾಗುತ್ತಿತ್ತು. ಚಿಪ್ಪಿಗೆ ಗಾಯವೇನೂ ಇಲ್ಲ, ಬರೆದದ್ದು ಮಾತ್ರ ತಪ್ಪು. ಆದರೆ ಎಲ್ಲದಕ್ಕೂ ಅಂಥ ಕಣಗಳನ್ನು ದೂರುವ ಹಾಗಿಲ್ಲ. ಗೂಗಲ್ ತನ್ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇಕಡಾ 8ಕ್ಕೂ ಹೆಚ್ಚು ರ್‍ಯಾಮ್ ಪಟ್ಟಿಗಳು ತಪ್ಪು ಮಾಡಿದ್ದವು. ಹೆಚ್ಚಿನ ತಪ್ಪಿಗೆ ಕಾರಣ ಆ ಪಟ್ಟಿಯದೇ ದೋಷ ಎಂಬ ಸೂಚನೆಯೂ ಅದರಲ್ಲಿತ್ತು. ದೋಷವಿದ್ದ ಪಟ್ಟಿ ಮತ್ತೆ ಮತ್ತೆ ತಪ್ಪುತ್ತದೆ, ಹಾಗಾಗಿ ಹಿಡಿಯುವುದಕ್ಕೂ ಬರುತ್ತದೆ. ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86+ ಎಂಬ ಉಚಿತ ಪ್ರೋಗ್ರಾಂ ಹಾಕಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ ರಾತ್ರಿಯಿಡೀ ಬಿಟ್ಟೆ. ಇಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬಂದರೂ ಫೇಲ್. ಬೆಳಿಗ್ಗೆ ನೋಡಿದರೆ ಒಂದೂ ತಪ್ಪಿಲ್ಲ. ರ್‍ಯಾಮ್ ಪಾಸ್.

ಬಿಸಿಯ ಸಂಶಯ ಬೇಗ ಮುಗಿಯಿತು. ಈಗಿನ ಪ್ರೊಸೆಸರ್ ಕಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅಷ್ಟಕ್ಕೂ ತಡೆಯದಿದ್ದರೆ, ಸುಮಾರು 100 ಡಿಗ್ರಿ ದಾಟುವ ಹೊತ್ತಿಗೆ, ಯಂತ್ರವೇ ಆಫ್ ಆಗುತ್ತದೆ. ನಮ್ಮದು ಆಫ್ ಆಗುತ್ತಿರಲಿಲ್ಲ, ಬಿಸಿಯೂ 60 ದಾಟಿರಲಿಲ್ಲ. ಆದರೂ ಫ್ಯಾನಿನ ಧೂಳು ತೆಗೆದೆ, ಒಂದು ಮುಷ್ಟಿಯಷ್ಟಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದರ ಬೇರಿಂಗ್ ಹಾಳಾದೀತು.

ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಪ್ರೋಗ್ರಾಂನಲ್ಲಿ ಅದನ್ನು ಓದಬಹುದು. ಹಾಳಾದ ಜಾಗಗಳ ಎಣಿಕೆ ಸೊನ್ನೆ ಬಿಟ್ಟು ಏರಲು ಶುರುವಾದರೆ ಉಳಿದ ಪರೀಕ್ಷೆ ಆಮೇಲೆ, ಮೊದಲು ಫೋಟೊಗಳನ್ನು ಬೇರೆ ಕಡೆ ನಕಲು ಮಾಡಿ. ನಮ್ಮ ಡಿಸ್ಕಿನಲ್ಲಿ ಸೊನ್ನೆ ಇತ್ತು.

ಇಷ್ಟಾದ ಮೇಲೆ ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಯಲು ಶುರು ಮಾಡಿದೆ. ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಆಗ ಏನು ನಡೆದಿತ್ತು, ಅಷ್ಟೇ. ಎರಡು ವಾರದಲ್ಲಿ ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಂಜೆ ಆರರಿಂದ ಏಳರ ಒಳಗೆ. ಕಂಪ್ಯೂಟರಿಗೆ ಗಡಿಯಾರ ನೋಡಿ ಕೆಡುವ ಚಟ ಇರುವುದಿಲ್ಲ. ಗಂಟೆ ನೋಡಿ ನಡೆಯುವ ಬೇರೆ ಏನೋ ಇರಬೇಕು.

ಅದನ್ನು ಹಿಡಿದುಕೊಟ್ಟದ್ದು ಅಮ್ಮ. ಒಂದು ಸಂಜೆ ಅಡಿಗೆಮನೆಯಲ್ಲಿ ಕಾಯಿ ಅರೆಯುತ್ತಿದ್ದವರು, "ಆಚೆಯವರು ಪಂಪು ಬಿಟ್ಟರು ಕಾಣ್ತದೆ, ಮಿಕ್ಸಿಯ ಸ್ವರ ಇಳಿಯಿತು" ಎಂದರು. ಅದೇ ಹೊತ್ತಿಗೆ ಇತ್ತ ಪರದೆ ನಿಂತಿತು.

ಬೇಸಿಗೆಯಲ್ಲಿ ಇಲ್ಲಿ ಎಲ್ಲ ಅಡಿಕೆ ತೋಟಗಳಿಗೂ ಸ್ಪ್ರಿಂಕ್ಲರ್ ಬೇಕು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತಾನಾಗಿ ಹರಿದು ಬರುತ್ತಿದ್ದ ಕಾಲದಲ್ಲಿ ಈ ಗೊಡವೆ ಇರಲಿಲ್ಲ. ಪಂಪಿನ ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಉದ್ದದ ಲೈನಿನ ಕೊನೆಯ ಮನೆಯಲ್ಲಿ ಆಗ ವೋಲ್ಟೇಜು ಧಡಕ್ಕನೆ ಕುಸಿಯುತ್ತದೆ. ಹಿಂದೆ ಹಳದಿ ಬಲ್ಬು ಮಂಕಾಗಿ ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು. ಈಗ ಎಲ್ಲ ಕಡೆ ಎಲ್‌ಇಡಿ. ಅದರೊಳಗಿನ ಪುಟ್ಟ ಸರ್ಕ್ಯೂಟು ಏರಿಳಿತವನ್ನೆಲ್ಲ ನುಂಗಿಕೊಂಡು ಒಂದೇ ಸಮ ಉರಿಯುತ್ತದೆ. ಮನೆಯಲ್ಲಿ ಇನ್ನೂ ನಿಜ ಹೇಳುತ್ತಿದ್ದದ್ದು ಮಿಕ್ಸಿ ಒಂದೇ. ಅದರ ಮೋಟಾರಿನ ವೇಗ ವೋಲ್ಟೇಜಿನ ಜೊತೆಗೇ ಇಳಿಯುತ್ತದೆ.

ಆದರೆ ಪಂಪು ಹೋದ ವರ್ಷವೂ ಇತ್ತು, ಕಂಪ್ಯೂಟರೂ ಇತ್ತು. ಆಗ ಯಾಕೆ ನಿಲ್ಲಲಿಲ್ಲ?

ಮನೆಯ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಕೊಡುವುದು ಎಸ್‌ಎಂಪಿಎಸ್. ಅದರೊಳಗೆ ಡಬ್ಬಿಯಂಥ ಒಂದು ದೊಡ್ಡ ಕೆಪಾಸಿಟರ್ ಇದೆ, ನೀರಿನ ಟ್ಯಾಂಕಿಯ ಹಾಗೆ. ಕರೆಂಟು ತಪ್ಪಿದರೂ ಸುಮಾರು 16 ಮಿಲಿಸೆಕೆಂಡು ಅದರಲ್ಲಿ ತುಂಬಿದ್ದೇ ಯಂತ್ರವನ್ನು ಸಾಕಬೇಕು. ಅಂದರೆ ನಮ್ಮ ಕರೆಂಟಿನ ಒಂದು ಅಲೆಗೂ ಕಡಿಮೆ, ಒಂದು ಅಲೆಗೆ 20 ಮಿಲಿಸೆಕೆಂಡು. ಟ್ಯಾಂಕಿಯಲ್ಲಿ ಎಷ್ಟು ಶಕ್ತಿ ಇದೆ ಎಂಬುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 230 ಇದ್ದದ್ದು 180ಕ್ಕೆ ಇಳಿದರೆ ಟ್ಯಾಂಕಿಯಲ್ಲಿ ಉಳಿಯುವುದು ಶೇಕಡಾ 61 ಮಾತ್ರ. ಹೊಸ ಎಸ್‌ಎಂಪಿಎಸ್ ಇದನ್ನೂ ತಡೆಯುತ್ತದೆ. ಹಳೆಯದು ತಡೆಯುವುದಿಲ್ಲ, ಯಾಕೆಂದರೆ ಈ ಕೆಪಾಸಿಟರ್‌ಗಳೊಳಗೆ ದ್ರವದಲ್ಲಿ ನೆನೆಸಿದ ಕಾಗದ ಇರುತ್ತದೆ, ವರ್ಷ ಕಳೆದಂತೆ ಆ ದ್ರವ ಆರುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಎಂಬುದು ಇವುಗಳ ಅಂದಾಜು ಲೆಕ್ಕ. ಧೂಳು ತುಂಬಿದ ಡಬ್ಬದಲ್ಲಿ, ನಮ್ಮ ಏಪ್ರಿಲ್ ಸೆಕೆಯಲ್ಲಿ, ಅದು ಎಷ್ಟು ಬಾಳೀತು? ಔಟ್‌ಪುಟ್ ಬದಿಯ ಕೆಪಾಸಿಟರ್‌ಗಳೂ ಸೊರಗಿದರೆ 12 ವೋಲ್ಟು ನೆಟ್ಟಗೆ ನಿಲ್ಲದೆ ನಡುಗುತ್ತದೆ. ಜೋರಾಗಿ ಕುಸಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸಣ್ಣಗೆ ನಡುಗಿದರೆ ಯಾವುದೋ ಕೋಶದಲ್ಲಿದ್ದ "ಒಂದು" ಸೊನ್ನೆಯಾಗಿ ಪರದೆ ಸ್ತಬ್ಧ.

ಮಲ್ಟಿಮೀಟರ್ ಹಿಡಿದೆ. ಹಳದಿ ವಯರಿನಲ್ಲಿ 11.9 ವೋಲ್ಟು. 11.4ರಿಂದ 12.6ರವರೆಗೆ ಸರಿ, ಹಾಗಾಗಿ ಇದೂ ಪಾಸು. ಪಂಪು ಬಿಟ್ಟಾಗಲೂ ಅಂಕೆ ಕದಲಲಿಲ್ಲ. ಇಲ್ಲಿ ನಾನು ಮೋಸಹೋಗುವವನಿದ್ದೆ. ಮಲ್ಟಿಮೀಟರ್ ಸರಾಸರಿ ತೋರಿಸುತ್ತದೆ, ಮಿಲಿಸೆಕೆಂಡಿನ ನಡುಕ ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಆಸಿಲೋಸ್ಕೋಪ್ ಬೇಕು, ಅದು ಯಾರ ಮನೆಯಲ್ಲಿದೆ? ನಮ್ಮಂಥವರಿಗೆ ಉಳಿದ ದಾರಿ ಬದಲಿಸಿ ನೋಡುವುದು. ಗೆಳೆಯನ ಮನೆಯಿಂದ ಒಂದು ಎಸ್‌ಎಂಪಿಎಸ್ ಕೇಳಿ ತಂದೆ. ಬೇರೆ ಏನನ್ನೂ ಮುಟ್ಟದೆ ಅದನ್ನು ಮಾತ್ರ ಹಾಕಿದೆ. ಒಟ್ಟಿಗೇ ರ್‍ಯಾಮನ್ನೂ ಬದಲಿಸಿದ್ದರೆ ಯಾವುದರಿಂದ ಸರಿಯಾಯಿತೆಂದು ಹೇಗೆ ಗೊತ್ತಾಗಬೇಕು? ಒಂದು ವಾರ ನೋಟ್‌ಬುಕ್ ಖಾಲಿ.

ಹಳೆಯದರ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಎರಡು ಸಣ್ಣ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರದೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ಅಂಚಿನಲ್ಲಿ ಕಂದು ಬಣ್ಣದ ಅಂಟು ಒಣಗಿತ್ತು. ಬಿಚ್ಚುವ ಆಸೆಯಾಯಿತು, ಬಿಚ್ಚಲಿಲ್ಲ. ಆ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಜಾಸ್ತಿ ಹಿಡಿದುಕೊಂಡಿರಬಹುದು. ಎಸ್‌ಎಂಪಿಎಸ್ ಡಬ್ಬದ ಒಳಗೆ ಕೈ ಹಾಕುವುದು ಗೊತ್ತಿದ್ದವರ ಕೆಲಸ.

ಹೊಸದು ಕೊಂಡು ತಂದೆ, ಗೆಳೆಯನದು ವಾಪಸು ಕೊಟ್ಟೆ. ಆಚೆಯವರ ಪಂಪು ಈಗಲೂ ಆರೂಕಾಲಿಗೆ ಶುರುವಾಗುತ್ತದೆ. ಮಿಕ್ಸಿಯ ಸ್ವರ ಇಳಿದ ಕೂಡಲೇ ಅಮ್ಮ ಅಡಿಗೆಮನೆಯಿಂದ, "ಬಿಟ್ಟರು, ನಿಂತಿತಾ?" ಎಂದು ಕೇಳುತ್ತಾರೆ. "ಇಲ್ಲ ಅಜ್ಜೀ" ಎನ್ನುತ್ತಾಳೆ ಮಗಳು, ತಲೆ ಎತ್ತದೆ.