ಹೋಟೆಲ್‌ಗೆ ಪಾಲಿಕೆ ದುಡ್ಡು ಹಾಕಿದರೆ ಯೂನಿಯನ್ ಮಾತು ಯಾಕೆ ಬರುತ್ತದೆ?

ಪ್ರಶ್ನೆ: ಅಮೆರಿಕದಲ್ಲಿ ಖಾಸಗಿಯವರು ಹೊಸ ಹೋಟೆಲ್ ಕಟ್ಟುವಾಗ ಎಷ್ಟೋ ಕಡೆ ಪಾಲಿಕೆ ಸಹಾಯ ಮಾಡುತ್ತದೆ. ಜೊತೆಗೆ, ಕೆಲಸದವರು ಯೂನಿಯನ್ ಕಟ್ಟಿದರೆ ಅಡ್ಡ ಬರಬಾರದು ಅಂತ ಷರತ್ತೂ ಹಾಕುತ್ತದೆ. ದುಡ್ಡು ಕೊಡುವುದು ಕಟ್ಟಡಕ್ಕೆ ತಾನೇ, ಯೂನಿಯನ್ ಎಲ್ಲಿಂದ ಬಂತು?

ಉತ್ತರ: ಪಿಟ್ಸ್‌ಬರ್ಗ್ ಅಂದರೆ ಅಮೆರಿಕದ ಎಷ್ಟೋ ಕನ್ನಡಿಗರಿಗೆ ಮೊದಲು ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅದೇ ಊರಿನ ಪೇಟೆ ಬೀದಿಯಲ್ಲಿ. ಸಿಕ್ಸ್ತ್ ಸ್ಟ್ರೀಟಿನಲ್ಲಿ, ಅಲೆಘೆನಿ ನದಿಯ ಸೇತುವೆಗೆ ಹತ್ತಿರ, ಫುಲ್ಟನ್ ಬಿಲ್ಡಿಂಗ್ ಅಂತ ಇದೆ. 1906ರ ಕಟ್ಟಡ. ಸೇಜ್ ಹಾಸ್ಪಿಟಾಲಿಟಿ ಎಂಬ ಕಂಪನಿ ಅದನ್ನು ರಿನೈಸಾನ್ಸ್ ಹೋಟೆಲ್ ಮಾಡಲು ಹೊರಟಿತು. ಅದಕ್ಕೆ ಪಾಲಿಕೆಯ ಹತ್ತಿರ 'ಟಿಫ್' ಸಹಾಯ ಕೇಳಿತು. ಹೋಟೆಲ್ ಬಾಗಿಲು ತೆರೆದದ್ದು 2001ರಲ್ಲಿ.

ಟಿಫ್ ಅಂದರೆ ಏನು? ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಹಳೇ ಕಟ್ಟಡದಿಂದ ವರ್ಷಕ್ಕೆ 1 ಲಕ್ಷ ಡಾಲರ್ ಕಂದಾಯ ಬರುತ್ತಿದೆ. ಹೋಟೆಲ್ ಆದ ಮೇಲೆ 5 ಲಕ್ಷ ಬರುತ್ತದೆ. ಮೊದಲಿನ 1 ಲಕ್ಷ ಎಂದಿನಂತೆ ಖಜಾನೆಗೆ ಹೋಗುತ್ತದೆ. ಹೆಚ್ಚಾದ 4 ಲಕ್ಷದಿಂದ ಆ ಹೋಟೆಲಿಗೆ ಎತ್ತಿದ ಸಾಲ ತೀರಿಸುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಇದು 20 ವರ್ಷದ ತನಕ ನಡೆಯಬಹುದು. ಅಂದರೆ ಪಾಲಿಕೆ ಕೊಡುವುದು ಇಂದು ಕೈಯಲ್ಲಿರುವ ದುಡ್ಡಲ್ಲ, ನಾಳೆ ಬರಬೇಕಾದ ಕಂದಾಯ. ಆ ಕಂದಾಯದಲ್ಲಿ ಊರಿನ ಶಾಲೆಗಳ ಪಾಲೂ ಇರುತ್ತದೆ. ಅದಕ್ಕೇ ಇಂಥ ಯೋಜನೆಗಳಿಗೆ ವಿರೋಧವೂ ಜಾಸ್ತಿ. ಆ ವಿರೋಧದಲ್ಲಿ ನ್ಯಾಯ ಇದೆ ಅನ್ನುವುದು ನನ್ನ ಅನಿಸಿಕೆ.

ಈಗ ಯೂನಿಯನ್ ವಿಷಯಕ್ಕೆ ಬರೋಣ. ಹೋಟೆಲ್ ನಡೆದರೆ ತಾನೇ ಕಂದಾಯ? ಕೆಲಸದವರಿಗೂ ಮಾಲೀಕರಿಗೂ ಜಗಳ ಹತ್ತಿ ಬಾಗಿಲ ಮುಂದೆ ಬೋರ್ಡ್ ಹಿಡಿದು ನಿಂತರೆ, ಬುಕಿಂಗ್ ಬೇರೆ ಹೋಟೆಲಿಗೆ ಹೋಗುತ್ತದೆ. ಪಾಲಿಕೆ ನಂಬಿಕೊಂಡ ದುಡ್ಡು ನಿಂತುಹೋಗುತ್ತದೆ. ಹಾಗಾಗಿ ಪಿಟ್ಸ್‌ಬರ್ಗ್ ಪಾಲಿಕೆ 1999ರಲ್ಲಿ ಒಂದು ನಿಯಮ ಮಾಡಿತು. ಹೋಟೆಲ್‌ನಂಥ ಯೋಜನೆಗೆ ಟಿಫ್ ಬೇಕು ಅಂದರೆ, ಯೂನಿಯನ್ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಯೂನಿಯನ್ ಕಟ್ಟುವ ಹೊತ್ತಿನಲ್ಲಿ ಮಾಲೀಕರು ಪರ ವಿರೋಧ ಎರಡೂ ಮಾತಾಡಬಾರದು. ಅದಕ್ಕೆ ಬದಲಾಗಿ ಯೂನಿಯನ್ ಮುಷ್ಕರ, ಪಿಕೆಟಿಂಗ್ ಮಾಡಬಾರದು. ಇಬ್ಬರೂ ಏನೋ ಒಂದನ್ನು ಬಿಟ್ಟುಕೊಡುತ್ತಾರೆ. ಇದು ಬರೀ ಯೂನಿಯನ್‌ಗೆ ಕೊಟ್ಟ ಉಡುಗೊರೆ ಅನ್ನುವವರು ಈ ಎರಡನೇ ಅರ್ಧವನ್ನು ಮರೆಯುತ್ತಾರೆ.

ಭಾರತದವರಿಗೆ ಇಲ್ಲೊಂದು ಗೊಂದಲ ಆಗುವುದು ಸಹಜ. ನಮ್ಮಲ್ಲಿ ಒಂದೇ ಕಾರ್ಖಾನೆಯಲ್ಲಿ ಎರಡು ಮೂರು ಯೂನಿಯನ್ ಇರಬಹುದು. ಬೇಕಾದವರು ಬೇಕಾದ್ದಕ್ಕೆ ಸೇರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಒಂದು ವಿಭಾಗದ ಕೆಲಸದವರಲ್ಲಿ ಬಹುಮತ ಸಿಕ್ಕರೆ ಮಾತ್ರ ಆ ಯೂನಿಯನ್ ಎಲ್ಲರ ಪರವಾಗಿ ಮಾತಾಡುತ್ತದೆ. ಸಾಮಾನ್ಯವಾಗಿ ಗುಪ್ತ ಮತದಾನ ಆಗುತ್ತದೆ. ಮತದಾನಕ್ಕೆ ಮುಂಚೆ ಮಾಲೀಕರು ಬೇಡ ಬೇಡ ಅಂತ ಜೋರಾಗಿ ಪ್ರಚಾರ ಮಾಡುತ್ತಾರೆ. ಇಂಥ ಒಪ್ಪಂದದಲ್ಲಿ ದಾರಿ ಬೇರೆ, ಅದಕ್ಕೆ 'ಕಾರ್ಡ್ ಚೆಕ್' ಅನ್ನುತ್ತಾರೆ. ಯೂನಿಯನ್ ಬೇಕು ಅನ್ನುವವರು ಒಂದು ಕಾರ್ಡಿಗೆ ಸಹಿ ಹಾಕುತ್ತಾರೆ. ಯಾರ ಕಡೆಯವರೂ ಅಲ್ಲದ ಒಬ್ಬರು ಕಾರ್ಡ್ ಎಣಿಸುತ್ತಾರೆ. ಅರ್ಧ ದಾಟಿದರೆ ಮುಗಿಯಿತು, ಮಾಲೀಕರು ಒಪ್ಪಲೇಬೇಕು.

ಆ ಸಹಿ ಹಾಕುವವರು ಯಾರು ಅಂತಲೂ ನೋಡಿ. ಮುಂದಿನ ಸಲ ಹೋಟೆಲಿನಲ್ಲಿ ಉಳಿದಾಗ ಹಾಸಿಗೆಯ ಒಂದು ಮೂಲೆ ಹಿಡಿದು ಎತ್ತಿ. ದಪ್ಪ ಮ್ಯಾಟ್ರೆಸ್, ಒಂದು ಕೈಗೆ ಸುಲಭಕ್ಕೆ ಏಳುವುದಿಲ್ಲ. ರೂಮ್ ಕ್ಲೀನ್ ಮಾಡುವ ಹೆಂಗಸು ಅದರ ನಾಲ್ಕೂ ಮೂಲೆ ಎತ್ತಿ ಶೀಟ್ ಸಿಕ್ಕಿಸಬೇಕು. ಆಮೇಲೆ ಮುಂದಿನ ರೂಮಿನಲ್ಲೂ ಅದೇ ಕೆಲಸ. ದಿನಕ್ಕೆ ಎಷ್ಟು ರೂಮ್, ಸೊಂಟ ಹಿಡಿದುಕೊಂಡರೆ ರಜೆ ಉಂಟಾ, ಇದನ್ನೆಲ್ಲ ಒಬ್ಬಳೇ ಹೋಗಿ ಮ್ಯಾನೇಜರ್ ಹತ್ತಿರ ಕೇಳುವುದು ಕಷ್ಟ ಅಲ್ವಾ? ಊರಿನ ಕಂದಾಯದಿಂದ ಎದ್ದ ಹೋಟೆಲಿನಲ್ಲಿ, ಅದೇ ಊರಿನ ಕೆಲಸದವರು ಹೆದರಿಕೆಯಿಲ್ಲದೆ ಕಾರ್ಡಿಗೆ ಸಹಿ ಹಾಕುವಂತಿರಬೇಕು. ನಾನು ಈ ಷರತ್ತಿನ ಪರ ಇರುವುದು ಅದಕ್ಕೇ.

ಸೇಜ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ಯೂನಿಯನ್ ಕೆಲಸ ಶುರು ಮಾಡಿದಾಗ ಸಹಕರಿಸಲಿಲ್ಲ. ಹೋಟೆಲ್ ಕೆಲಸಗಾರರ ಯೂನಿಯನ್ನಿನ ಸ್ಥಳೀಯ ಶಾಖೆ, ಲೋಕಲ್ 57, ಕೋರ್ಟಿಗೆ ಹೋಯಿತು. ಕಂಪನಿಯ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಯೂನಿಯನ್ ವಿಷಯಕ್ಕೆ 1935ರ ಕೇಂದ್ರ ಕಾನೂನು ಇದೆ, ಒಂದು ಊರಿನ ಪಾಲಿಕೆ ತನ್ನದೇ ನಿಯಮ ಮಾಡುವಂತಿಲ್ಲ ಎಂದು ಅದು ಹೇಳಿತು. 2004ರಲ್ಲಿ ಮೇಲ್ಮನವಿ ಕೋರ್ಟ್ ಯೂನಿಯನ್ ಪರ ತೀರ್ಪು ಕೊಟ್ಟಿತು. ಇಲ್ಲಿ ಪಾಲಿಕೆ ಎಲ್ಲರಿಗೂ ಕಾನೂನು ಮಾಡುತ್ತಿಲ್ಲ, ದುಡ್ಡು ತೊಡಗಿಸಿದವರಂತೆ ತನ್ನ ದುಡ್ಡನ್ನು ಕಾಪಾಡಿಕೊಳ್ಳುತ್ತಿದೆ ಎಂಬುದು ಅದರ ತಿರುಳು. ಸಾಲ ಕೊಡುವ ಬ್ಯಾಂಕಿನವರು ಇನ್ಶೂರೆನ್ಸ್ ಮಾಡಿಸಿ ಅನ್ನುತ್ತಾರಲ್ಲ, ಹಾಗೇ ಇದೂ.

 

ಹಾಗಂತ ಸರ್ಕಾರದವರು ಏನು ಷರತ್ತು ಬೇಕಾದರೂ ಹಾಕಬಹುದು ಅಂತಲ್ಲ. ರಾಜ್ಯದಿಂದ ಬಂದ ದುಡ್ಡನ್ನು ಯೂನಿಯನ್ ಪರವಾಗಿಯೋ ವಿರುದ್ಧವಾಗಿಯೋ ಪ್ರಚಾರಕ್ಕೆ ಬಳಸಬಾರದು ಎಂದು ಕ್ಯಾಲಿಫೋರ್ನಿಯಾ ಎಲ್ಲ ಕ್ಷೇತ್ರಗಳಿಗೂ ಸೇರಿಸಿ ಕಾನೂನು ಮಾಡಿತ್ತು. ಇದು ದುಡ್ಡು ತೊಡಗಿಸಿದವರ ಷರತ್ತಲ್ಲ, ಎಲ್ಲರಿಗೂ ಮಾಡಿದ ಕಾನೂನು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಹಾಗಾಗಿ ನಿಮ್ಮ ಊರಿನಲ್ಲಿ ಇಂಥ ಹೋಟೆಲ್ ಪ್ರಸ್ತಾವ ಬಂದರೆ ಎರಡು ವಿಷಯ ಕೇಳಿ ನೋಡಿ. ಪಾಲಿಕೆಯ ದುಡ್ಡು ನಿಜಕ್ಕೂ ಆ ಹೋಟೆಲಿನ ಆದಾಯದ ಮೇಲೆ ನಿಂತಿದೆಯಾ? ಷರತ್ತು ಆ ಹೋಟೆಲಿಗೆ ಮಾತ್ರ ಇದೆಯಾ? ಎರಡಕ್ಕೂ ಹೌದು ಅನ್ನುವ ಉತ್ತರ ಬಂದರೆ, ಕೋರ್ಟಿನಲ್ಲಿ ನಿಮ್ಮ ಪಾಲಿಕೆ ಪಿಟ್ಸ್‌ಬರ್ಗ್ ತೀರ್ಪನ್ನು ತೋರಿಸಬಹುದು.